ಏಕಾಕಿ ದ್ವಿಚಕ್ರ ಮೀಮಾಂಸೆ: ಡ್ಯಾನ್ಯೂಬ್ ಕಾಂಡ

ಯಾವ ಶಾಸ್ತ್ರಕ್ಕಾದರೂ ಅಧಿಕಾರಿ, ವಿಷಯ, ಸಂಬಂಧ, ಪ್ರಯೋಜನ ಎಂಬ ನಾಲ್ಕು ಅನುಬಂಧಗಳು ಇರತಕ್ಕದ್ದು ಎಂದು ಹಿರಿಯರು ವಿಧಿಸಿದ್ದಾರೆ. ಪ್ರಕೃತ ಶಾಸ್ತ್ರದ ವಿಷಯ, ಯುರೋಪ್ ಖಂಡವನ್ನು ಒಬ್ಬರೇ ಸೈಕಲ್ ತುಳಿಯುತ್ತ ದಾಟುವುದು. ಅಧಿಕಾರಿ ಎಂದರೆ ಮೊಣಕಾಲು, ಬ್ಯಾಂಕ್ ಖಾತೆ ಎರಡೂ ನೆಟ್ಟಗಿರುವ ಮನುಷ್ಯ. ಸಂಬಂಧವು ಸೀಟಿಗೂ ಸವಾರನ ಪೃಷ್ಠಕ್ಕೂ ಏರ್ಪಡುವಂಥದ್ದು: ಮೊದಲ ವಾರ ಶುದ್ಧ ದ್ವೈತ, ಎರಡನೆಯ ವಾರ ವಿಶಿಷ್ಟಾದ್ವೈತ, ಅನಂತರ ಯಾವ ಸಂವೇದನೆಯೂ ಉಳಿಯದ ಕಾರಣ ಅದ್ವೈತ ತಾನಾಗಿ ಸಿದ್ಧಿಸುತ್ತದೆ. ಪ್ರಯೋಜನದ ಬಗ್ಗೆ ಆಚಾರ್ಯರಲ್ಲಿ ಒಮ್ಮತವಿಲ್ಲ. ಕೆಲವರು ಆರೋಗ್ಯ ಎನ್ನುತ್ತಾರೆ, ಕೆಲವರು ಮೋಕ್ಷ ಎನ್ನುತ್ತಾರೆ. ಬಹುಪಾಲು ಜನರ ನಡವಳಿಕೆ ನೋಡಿದರೆ ಪರಮ ಪ್ರಯೋಜನ ಹಿಂದಿರುಗಿ ಬಂದು ಸ್ಲೈಡ್ ಹಾಕಿ ಉಪನ್ಯಾಸ ಕೊಡುವುದೇ ಸೈ.

ಈ ಉಪನ್ಯಾಸಗಳ ದೆಸೆಯಿಂದಲೇ ಪ್ರಸ್ತುತ ಗ್ರಂಥ ಅವತರಿಸಿದೆ. "ಆಂತರಿಕ ಭೂಗೋಳದ ಅನ್ವೇಷಣೆ", "ನಿಧಾನತೆಯ ರಾಜಕಾರಣ", "ಪೆಡಲ್ ಎಂಬ ಪ್ರತಿರೋಧ" ಇತ್ಯಾದಿಗಳನ್ನು ಮಡಿಚುವ ಕುರ್ಚಿಯಲ್ಲಿ ಕೂತು ಕೇಳಿಸಿಕೊಂಡು, ಕೊನೆಗೆ ಕಾಫಿಯೂ ಸಿಗದೆ ಮನೆಗೆ ಬಂದ ಸಮಸ್ತ ಶ್ರೋತೃಗಳಿಗೆ ಇದು ಅರ್ಪಿತ.

ಪ್ರಥಮಾಧಿಕರಣ: ಪೂರ್ವಾಚಾರ್ಯ ಪರಂಪರೆ. ಮೂಲಪುರುಷ ಕಾರ್ಲ್ ಫಾನ್ ಡ್ರೈಸ್. 1817ರ ಜೂನ್ 12ರಂದು ಜರ್ಮನಿಯ ಮಾನ್‌ಹೈಮ್‌ನಿಂದ ಪೆಡಲೇ ಇಲ್ಲದ ಮರದ ದ್ವಿಚಕ್ರಿಯನ್ನು ಕಾಲಿನಿಂದ ನೆಲಕ್ಕೆ ಒದೆಯುತ್ತ ಓಡಿಸಿ, ಗಂಟೆಯೊಳಗೆ ಹೋಗಿ ಬಂದ. ಹೋದದ್ದು ಯಾಕೆ, ಅಂತರಂಗದಲ್ಲಿ ಏನು ಕಂಡ ಎಂಬುದನ್ನು ವಿಸ್ತರಿಸುವ ಗೋಜಿಗೆ ಹೋಗಲಿಲ್ಲ. 1923ರಲ್ಲಿ ಮುಂಬಯಿಯ ಆರು ಮಂದಿ ಪಾರ್ಸಿ ಯುವಕರು ಲೋಕ ಸುತ್ತಲು ಹೊರಟರು. ಆದಿ ಹಕೀಂ, ಜಾಲ್ ಬಾಪಸೋಲಾ, ರುಸ್ತುಂ ಭುಮ್‌ಗರಾ ಈ ಮೂವರು ಯುರೋಪನ್ನೂ ಒಳಗೊಂಡು ಪೂರ್ತಿ ಸುತ್ತು ಮುಗಿಸಿ 1928ರಲ್ಲಿ ಊರು ಸೇರಿದರು. ಪರಂಪರೆಯ ಮಹಾಮಾತೆ ಐರ್ಲೆಂಡಿನ ಡರ್ವ್ಲಾ ಮರ್ಫಿ. 1963ರ ಜನವರಿಯಲ್ಲಿ, ಯುರೋಪು ಹೆಪ್ಪುಗಟ್ಟಿ ಕೂತಿದ್ದಾಗ, ಒಬ್ಬಳೇ ಹೊರಟು ಸೈಕಲ್ಲಿನಲ್ಲಿ ಭಾರತಕ್ಕೆ ಬಂದಳು. ಜೊತೆಗೆ ಒಂದು ಪಿಸ್ತೂಲು ಇಟ್ಟುಕೊಂಡಿದ್ದಳು. ಹೊರಡುವ ಮೊದಲು ಸೈಕಲ್ಲಿನ ಗೇರನ್ನು ಬಿಚ್ಚಿಸಿ ಹಾಕಿದ್ದಳು. ಗೇರಿನ ಹಲ್ಲುಗಳ ಅನುಪಾತದ ಬಗ್ಗೆ ಮುಕ್ಕಾಲು ಗಂಟೆ ಮಾತಾಡಬಲ್ಲ ನಮ್ಮ ವಿದ್ವಾಂಸರು ಈ ಎರಡನೆಯ ಸಂಗತಿಯನ್ನು ಯಾವತ್ತೂ ಉಲ್ಲೇಖಿಸುವುದಿಲ್ಲ.

ದ್ವಿತೀಯಾಧಿಕರಣ: ಭಾರ ವಿಚಾರ. ಇಲ್ಲಿ ಎರಡು ದರ್ಶನಗಳು. ಗ್ರಾಂವಾದಿಗಳ ಪ್ರಕಾರ ಟೂತ್‌ಬ್ರಷ್ಷಿನ ಹಿಡಿಯನ್ನು ಅರ್ಧಕ್ಕೆ ಕತ್ತರಿಸದವನಿಗೆ ಶಾಸ್ತ್ರಾಧಿಕಾರವಿಲ್ಲ. ಹಾಗೆ ಉಳಿಸಿದ ಐದಾರು ಗ್ರಾಂಗಳನ್ನು ಅವರು ಸಂಜೆ ಅರ್ಧ ಲೀಟರ್ ಬಿಯರ್ ರೂಪದಲ್ಲಿ ಮರುಪಾವತಿ ಮಾಡಿಕೊಳ್ಳುತ್ತಾರೆಂಬುದು ಪೂರ್ವಪಕ್ಷ. ಬಿಯರು ಸವಾರನ ಮೇಲಿರುತ್ತದೆಯೇ ಹೊರತು ಸೈಕಲ್ಲಿನ ಮೇಲಲ್ಲ ಎಂಬುದು ಅವರ ಸಿದ್ಧಾಂತ. ಎದುರು ಪಕ್ಷದವರು ಸರ್ವಾಸ್ತಿವಾದಿಗಳು. ಇವರ ಚೀಲದಲ್ಲಿ ಎಲ್ಲವೂ ಅಸ್ತಿ: ಚಟ್ನಿಪುಡಿ, ನಿಂಬೆ ಉಪ್ಪಿನಕಾಯಿ, ಮಳೆ ಕೋಟು, ಮಳೆ ಕೋಟಿಗೊಂದು ಕವರು, ಕವರು ಹರಿದರೆ ಹೊಲಿಯಲು ಸೂಜಿದಾರ. ಹಿಂದಿನ ಚಕ್ರದ ಎರಡು ಪಕ್ಕ, ಮುಂದಿನದರ ಎರಡು ಪಕ್ಕ, ಹ್ಯಾಂಡಲ್ಲಿನ ಮೇಲೊಂದು, ಹೀಗೆ ಪಂಚಕೋಶಗಳಿಂದ ಆವೃತವಾದ ಇವರ ಸೈಕಲ್ಲು ನಿಂತಲ್ಲಿ ನಿಲ್ಲುವುದಿಲ್ಲ, ಬಿದ್ದರೆ ಏಳುವುದಿಲ್ಲ.

ಸವಾರರು ಹನ್ನೊಂದು ವಿಧ. ಉಪಕರಣಪ್ರಧಾನ, ಉಪಾಹಾರಪ್ರಧಾನ, ಉಪನ್ಯಾಸಪ್ರಧಾನ ಎಂಬ ಮೊದಲ ಮೂರು ಪ್ರಸಿದ್ಧ. ನಾಲ್ಕನೆಯವನು ಪ್ರತಿ ಊರಿನ ಫಲಕಕ್ಕೂ ಸೈಕಲ್ ಒರಗಿಸಿ ಫೋಟೋ ತೆಗೆಯುವವನು. ಅವನಿಗೊಂದು ಸಂಸ್ಕೃತ ಹೆಸರು ಕೊಡಬೇಕಿತ್ತು. ಉಳಿದ ಏಳನ್ನು ಕೈಬಿಡಲಾಗಿದೆ. ನದಿಯ ವಿಷಯಕ್ಕೆ ಹೋಗೋಣ, ಅದು ಇದೆಲ್ಲಕ್ಕಿಂತ ಚೆನ್ನಾಗಿದೆ.

ಯುರೋವೆಲೋ ಎಂಬ ಹೆಸರಿನಲ್ಲಿ ಖಂಡದುದ್ದಕ್ಕೂ 17 ದೂರದ ಸೈಕಲ್ ಹಾದಿಗಳನ್ನು ಗುರುತಿಸಿದ್ದಾರೆ. ಅವುಗಳಲ್ಲಿ ಆರನೆಯದು ಫ್ರಾನ್ಸಿನ ಅಟ್ಲಾಂಟಿಕ್ ಕರಾವಳಿಯಿಂದ ರೊಮೇನಿಯಾದ ಕಪ್ಪು ಸಮುದ್ರದವರೆಗೆ, ಹತ್ತು ದೇಶಗಳ ಮೂಲಕ, ಬಹುಪಾಲು ನದಿಗಳ ಪಕ್ಕದಲ್ಲೇ ಸಾಗುತ್ತದೆ. ಇದರ ದೊಡ್ಡ ಭಾಗ ಡ್ಯಾನ್ಯೂಬಿನದು. ನದಿ ಎಲ್ಲಿ ಹುಟ್ಟುತ್ತದೆ ಎಂಬುದೇ ವಿವಾದ. ಬ್ರೆಗ್, ಬ್ರಿಗಾಖ್ ಎಂಬ ಎರಡು ಹೊಳೆ ಕೂಡುವ ಡೊನಾವೆಶಿಂಗನ್ ಪಟ್ಟಣ ತನ್ನಲ್ಲೇ ಎನ್ನುತ್ತದೆ. ಬ್ರೆಗ್ ಹುಟ್ಟುವ ಫುರ್ಟ್‌ವಾಂಗನ್ನಿನವರು ಮೂಲ ತಮ್ಮ ಗುಡ್ಡದ ಮೇಲಿದೆ ಎನ್ನುತ್ತಾರೆ. ತಲಕಾವೇರಿಯನ್ನು ಕೊಡಗಿಗೆ ಬಿಟ್ಟುಕೊಟ್ಟು ಉಳಿದ ಎಲ್ಲದಕ್ಕೂ ಜಗಳವಾಡಿದ ನಮಗೆ ಇದು ಅರ್ಥವಾಗದ ಸಂಗತಿಯೇನಲ್ಲ. ನದಿಯ ಕಿಲೋಮೀಟರು ಕಲ್ಲುಗಳನ್ನು ಎಣಿಸುವುದು ಮಾತ್ರ ಮೂಲದಿಂದಲ್ಲ, ಮುಖದಿಂದ. ಸೊನ್ನೆ ಇರುವುದು ಕಪ್ಪು ಸಮುದ್ರದ ದಡದ ಸುಲಿನಾದಲ್ಲಿ. ಸಾವಿನಿಂದ ಹುಟ್ಟಿನ ಕಡೆಗೆ ಎಣಿಸುವ ಈ ಕ್ರಮದ ಮೇಲೆ ಉಪನ್ಯಾಸಕರು ಇನ್ನೂ ಕೈ ಹಾಕಿಲ್ಲ, ಹಾಕದಿರಲಿ.

ಇನ್ನೂ ಸ್ವಾರಸ್ಯ ಮುಂದಿದೆ. ಇಮ್ಮೆಂಡಿಂಗನ್ ಎಂಬಲ್ಲಿ ಬೇಸಗೆಯಲ್ಲಿ ಡ್ಯಾನ್ಯೂಬ್ ಇಡಿಯಾಗಿ ಸುಣ್ಣಕಲ್ಲಿನ ಬಿರುಕುಗಳಲ್ಲಿ ಇಂಗಿಹೋಗುತ್ತದೆ. ಸೈಕಲ್ ನಿಲ್ಲಿಸಿ ನದಿಯ ಪಾತ್ರದಲ್ಲಿ ನಡೆದಾಡಬಹುದು. 1877ರಲ್ಲಿ ಉಪ್ಪು, ಎಣ್ಣೆ, ಬಣ್ಣ ಸುರಿದು ನೋಡಿದಾಗ, ಎರಡೂವರೆ ದಿನದ ಮೇಲೆ ಅದೇ ಬಣ್ಣ ಸುಮಾರು 12 ಕಿ.ಮೀ. ದೂರದ ಆಖ್ ಬುಗ್ಗೆಯಲ್ಲಿ ಚಿಮ್ಮಿತು. ಆ ನೀರು ಹೋಗುವುದು ರೈನ್ ನದಿಗೆ. ಕಪ್ಪು ಸಮುದ್ರಕ್ಕೆಂದು ಹೊರಟದ್ದು ದಾರಿಯಲ್ಲಿ ಮನಸ್ಸು ಬದಲಿಸಿ ಉತ್ತರ ಸಮುದ್ರ ಸೇರುತ್ತದೆ. ಈ ಸಂಗತಿಯನ್ನು ಓದುಗರು ನೆನಪಿಟ್ಟುಕೊಳ್ಳಬೇಕು, ಮುಂದೆ ಬೇಕಾಗುತ್ತದೆ.

ಯುರೋಪಿನ ಗಾಳಿ ಬಹುಮಟ್ಟಿಗೆ ಪಶ್ಚಿಮದಿಂದ ಬೀಸುತ್ತದೆ, ಡ್ಯಾನ್ಯೂಬ್ ಪೂರ್ವಕ್ಕೆ ಹರಿಯುತ್ತದೆ. ಹೀಗಾಗಿ ನದಿಯ ಜೊತೆ ಹೋಗುವವನಿಗೆ ಇಳಿಜಾರೂ ಬೆನ್ನಗಾಳಿಯೂ ಒಟ್ಟಿಗೆ ಲಭ್ಯ. ವೀರರಸಕ್ಕೆ ಇದರಿಂದ ಭಾರಿ ಹಾನಿಯಾಗಿದೆ. ಪಾಸೌನಿಂದ ವಿಯೆನ್ನಾವರೆಗಿನ ಮುನ್ನೂರು ಚಿಲ್ಲರೆ ಕಿಲೋಮೀಟರು ಎಷ್ಟು ಸಪಾಟೆಂದರೆ, ಏಕಾಕಿ ಮಹಾಯಾತ್ರಿಕನು ಆತ್ಮಶೋಧನೆಯಲ್ಲಿ ತೊಡಗಿರುವಾಗಲೇ ಗಂಟೆ ಬಾರಿಸುತ್ತ ಬ್ಯಾಟರಿ ಸೈಕಲ್ಲಿನ ಅಜ್ಜಿಯರು ದಾಟಿಹೋಗುತ್ತಾರೆ. ಅವರ ಹಿಂದೆ ಕೂಸನ್ನು ಗಾಡಿಯಲ್ಲಿ ಎಳೆದುಕೊಂಡು ಒಬ್ಬ ಅಪ್ಪ. ಗಾಡಿಯೊಳಗಿನ ಕೂಸು ಬಿಸ್ಕತ್ತು ತಿನ್ನುತ್ತ ನಮ್ಮನ್ನು ನೋಡುತ್ತದೆ. ಈ ಅಜ್ಜಿ, ಅಪ್ಪ, ಕೂಸು ಯಾವ ಸ್ಲೈಡಿನಲ್ಲೂ ಕಾಣಿಸಿಕೊಳ್ಳುವುದಿಲ್ಲ. ಸ್ಲೈಡಿನಲ್ಲಿ ಯಾವಾಗಲೂ ಒಂದೇ ಸೈಕಲ್ಲು, ಒಂದೇ ಟೆಂಟು, ಸೂರ್ಯಾಸ್ತ.

ನಿಜ ಹೇಳಬೇಕೆಂದರೆ ಆ ದಾರಿಯಲ್ಲಿ ಅಣಕಿಸಲು ಹೆಚ್ಚೇನೂ ಇಲ್ಲ. ಶ್ಲೋಗನ್ ಬಳಿ ನದಿ ಕಾಡುಗುಡ್ಡಗಳಿಗೆ ಡಿಕ್ಕಿ ಹೊಡೆದಂತೆ ಪೂರ್ತಿ ಹಿಂದಕ್ಕೆ ತಿರುಗುತ್ತದೆ; ಅಲ್ಲಿ ಸೈಕಲ್ ಹೇರಿಕೊಳ್ಳುವ ಪುಟ್ಟ ದೋಣಿ ಇದೆ. ಮೆಲ್ಕ್‌ನ ಹಳದಿ ಮಠ ದಾಟಿದರೆ ವಾಖಾವ್ ಕಣಿವೆ: ಕಲ್ಲುಕಟ್ಟೆಯ ಮೆಟ್ಟಿಲು ಮೆಟ್ಟಿಲಾಗಿ ದ್ರಾಕ್ಷಿ, ಕೆಳಗೆ ಏಪ್ರಿಕಾಟ್ ತೋಟ. ಜುಲೈಯಲ್ಲಿ ಹೋದರೆ ತೋಟದ ಬಾಗಿಲಲ್ಲೇ ಹಣ್ಣು ಮಾರುತ್ತಾರೆ. ಬಿಸಿಲಿಗೆ ಬೆಚ್ಚಗಾದ ಹಣ್ಣನ್ನು ನಿಂತಲ್ಲೇ ತಿಂದು, ರಸ ಮೊಣಕೈವರೆಗೆ ಇಳಿದು, ಕೈ ತೊಳೆಯಲು ನದಿಗೆ ಇಳಿಯುವ ಆ ಹತ್ತು ನಿಮಿಷಕ್ಕೆ ಯಾವ ಮೀಮಾಂಸೆಯೂ ಬೇಡ. ಅಲ್ಲೇ ಮುಂದೆ ಡ್ಯೂರ್ನ್‌ಸ್ಟೈನ್ ಕೋಟೆಯ ಪಾಳು. 1192ರಲ್ಲಿ ವೇಷ ಮರೆಸಿಕೊಂಡು ಈ ಸೀಮೆ ಹಾಯುತ್ತಿದ್ದ ಇಂಗ್ಲೆಂಡಿನ ದೊರೆ ರಿಚರ್ಡ್‌ನನ್ನು ಹಿಡಿದು ಸೆರೆಯಿಟ್ಟದ್ದು ಅಲ್ಲಿ. ಸರಿಯಾದ ಕಾಗದಪತ್ರ ಇಲ್ಲದೆ ಆಸ್ಟ್ರಿಯ ಪ್ರವೇಶಿಸಿದ ಪ್ರಸಿದ್ಧ ಪ್ರಕರಣಗಳಲ್ಲಿ ಇದು ಹಳೆಯದು.

ಏಕಾಂತ ವಿಚಾರ. (ಅಧಿಕರಣದ ಸಂಖ್ಯೆ ತಪ್ಪಿಹೋಗಿದೆ.) ಒಬ್ಬರೇ ದೂರ ತುಳಿದರೆ ತನ್ನನ್ನು ತಾನು ಕಂಡುಕೊಳ್ಳಬಹುದು ಎಂಬುದು ಸರ್ವಸಮ್ಮತ ಸಿದ್ಧಾಂತ. ಪ್ರತ್ಯಕ್ಷ ಪ್ರಮಾಣ ಬೇರೆಯೇ ಹೇಳುತ್ತದೆ. ಒಂಟಿ ಸವಾರನ ಚಿತ್ತದಲ್ಲಿ ಇರುವುದು ಎರಡೇ ಪ್ರಶ್ನೆ: ನೀರೆಲ್ಲಿ, ಊಟವೆಲ್ಲಿ. ಮೊದಲನೆಯದಕ್ಕೆ ಹಳೇ ಸವಾರರ ಉತ್ತರ ಸ್ಮಶಾನ. ಹಳ್ಳಿಯ ಸ್ಮಶಾನಗಳಲ್ಲಿ ಸಮಾಧಿಯ ಹೂಗಿಡಗಳಿಗೆಂದು ನಲ್ಲಿ ಇಟ್ಟಿರುತ್ತಾರೆ, ಕುಡಿಯಬಾರದೆಂಬ ಫಲಕ ಇಲ್ಲದಿದ್ದರೆ ಸೀಸೆ ತುಂಬಿಸಿಕೊಳ್ಳಬಹುದು. ಸ್ಮಶಾನ ವೈರಾಗ್ಯ ಕೇಳಿದ್ದೆವು, ಇದು ಸ್ಮಶಾನ ದಾಹಶಮನ. ಎರಡನೆಯ ಪ್ರಶ್ನೆ ಭಾನುವಾರ ಉಗ್ರವಾಗುತ್ತದೆ. ಜರ್ಮನಿ, ಆಸ್ಟ್ರಿಯಗಳಲ್ಲಿ ಅಂದು ದಿನಸಿ ಅಂಗಡಿಗಳು ಮುಚ್ಚಿರುತ್ತವೆ. ಶನಿವಾರ ಸಂಜೆ ಬ್ರೆಡ್ಡು, ಚೀಸು ಕೊಂಡಿಟ್ಟುಕೊಳ್ಳದ ಸಸ್ಯಾಹಾರಿ ತತ್ತ್ವಜ್ಞಾನಿಗೆ ಭಾನುವಾರ ಮಧ್ಯಾಹ್ನ ಅನಾಯಾಸವಾಗಿ ಶೂನ್ಯವಾದ ಅರ್ಥವಾಗುತ್ತದೆ.

ಇನ್ನು ವೀಸಾಕಾಂಡ. ಪ್ರವಾಸ ಸಾಹಿತ್ಯದಲ್ಲಿ ಹೊರಡುವ ಮೊದಲೇ ಬರೆದು ಮುಗಿಸಬೇಕಾದ ಏಕೈಕ ಪ್ರಕಾರವಿದು. ಇದರ ಅಂಗಗಳು: ಬ್ಯಾಂಕ್ ಖಾತೆಯ ತಿಂಗಳುಗಟ್ಟಲೆ ವಿವರ, ಆದಾಯ ತೆರಿಗೆಯ ಕಾಗದ, ಕೆಲಸದಿಂದ ರಜಾ ಪತ್ರ, ಕನಿಷ್ಠ 30,000 ಯೂರೋ ಮೊತ್ತದ ವೈದ್ಯಕೀಯ ವಿಮೆ, ಹಿಂದಿರುಗುವ ಇರಾದೆಗೆ ಪುರಾವೆ, ಮತ್ತು ರಾತ್ರಿಗಳ ವಸತಿ. ಯಾವ ತಾರೀಖು ಯಾವ ಊರಿನಲ್ಲಿ, ಯಾವ ಸೂರಿನಡಿ. ಎದುರುಗಾಳಿ ಎದ್ದರೆ, ಮಂಡಿ ನೊಂದರೆ, ಏಪ್ರಿಕಾಟ್ ರುಚಿಯಾಗಿದ್ದರೆ ಊರು ಬದಲಾಗುತ್ತದೆ ಎಂದು ಬರೆಯಲು ಅರ್ಜಿಯಲ್ಲಿ ಜಾಗವಿಲ್ಲ. ಟೆಂಟು ಎಂದು ಬರೆದರೆ ಗಾಜಿನ ಆಚೆಯವರು ತಲೆಯೆತ್ತಿ ನೋಡುತ್ತಾರೆ.

ಎಲ್ಲಿ ಹೆಚ್ಚು ದಿನ ಇರುತ್ತೀರೋ ಆ ದೇಶಕ್ಕೇ ಅರ್ಜಿ ಹಾಕಬೇಕು ಎಂಬುದು ನಿಯಮ. ಪಾಸೌನ ಕೆಳಗೆ ಸ್ವಲ್ಪ ದೂರ ನದಿಯೇ ಗಡಿ. ಎಡದಂಡೆ ಜರ್ಮನಿ, ಬಲದಂಡೆ ಆಸ್ಟ್ರಿಯ, ಎರಡೂ ಕಡೆ ಸೈಕಲ್ ದಾರಿ. ಯಾವ ದಂಡೆಯಲ್ಲಿ ಮಲಗುತ್ತೀರಿ ಎಂದು ತಿಂಗಳುಗಳ ಮುಂಚೆ ಬೆಂಗಳೂರಿನಲ್ಲಿ ಕೂತು ಹೇಳಿ. ಇಮ್ಮೆಂಡಿಂಗನ್ನಿನ ಬಿರುಕಿನಲ್ಲಿ ಇಳಿಯುವ ನೀರಿಗೆ ನಿನ್ನ ಮುಖ್ಯ ಗಮ್ಯ ಯಾವುದು ಎಂದು ಯಾರೂ ಕೇಳಲಿಲ್ಲ. ಇಡೀ ಷೆಂಗೆನ್ ವಲಯಕ್ಕೆ ಯಾವುದೇ 180 ದಿನಗಳಲ್ಲಿ 90 ದಿನ ಮಾತ್ರ, ಬರುವ ದಿನ ಹೋಗುವ ದಿನ ಎರಡೂ ಸೇರಿ. ಕ್ರೊಯೇಶಿಯಾ ದಾಟಿ ಸರ್ಬಿಯಾಕ್ಕೆ ಇಳಿದರೆ ವಲಯದ ಹೊರಗೆ ಬಿದ್ದಿರಿ. ಒಂದೇ ಪ್ರವೇಶದ ವೀಸಾ ಇದ್ದರೆ ಅಲ್ಲಿಗೆ ಕಥೆ ಮುಗಿಯಿತು. ಬಲ್ಗೇರಿಯ, ರೊಮೇನಿಯ 2025ರ ಜನವರಿ 1ರಿಂದ ವಲಯಕ್ಕೆ ಪೂರ್ತಿ ಸೇರಿದ್ದರಿಂದ ಕಪ್ಪು ಸಮುದ್ರ ಕಾಣಬೇಕಾದರೆ ಮತ್ತೊಮ್ಮೆ ಒಳಹೊಗಬೇಕು.

ಕೌಂಟರಿನಲ್ಲಿ ನನ್ನ ಕಡತ ತಿರುವಿ ಹಾಕಿದವರು ಕೇಳಿದ್ದು ಒಂದೇ ಮಾತು: "ಒಬ್ಬರೇನಾ?" ದನಿಯಲ್ಲಿ ಕುತೂಹಲ ಇರಲಿಲ್ಲ, ಅನುಮಾನ ಇತ್ತು. ಒಬ್ಬರೇ, ಜೊತೆಗೆ ಸಂಸಾರವಿಲ್ಲ, ಸೈಕಲ್ಲಂತೆ, ಮೂರು ತಿಂಗಳಂತೆ. ವಾಪಸ್ ಬರುತ್ತಾರೆಂದು ಏನು ಖಾತರಿ? ಸ್ಲೈಡಿನಲ್ಲಿ ಯಾವುದು ಸಾಧನೆಯೋ ಕೌಂಟರಿನಲ್ಲಿ ಅದೇ ಅಪರಾಧದ ಮುನ್ಸೂಚನೆ. ಇದನ್ನು ನಮ್ಮ ಉಪನ್ಯಾಸಕರು ಬಲ್ಲರು, ಅವರೂ ಇದೇ ಸರದಿಯಲ್ಲಿ ನಿಂತವರು. ಆದರೂ ಮೈಕು ಕೈಗೆ ಬಂದ ಕೂಡಲೇ ಈ ಭಾಗ ನುಂಗಿ, "ಗಡಿಗಳಿಲ್ಲದ ರಸ್ತೆ" ಎಂದು ಕಣ್ಣು ಮುಚ್ಚುತ್ತಾರೆ. ಗಡಿ ಇಲ್ಲದ್ದು ಯಾರಿಗೆ ಸ್ವಾಮಿ? ಹೋಟೆಲುಗಳನ್ನು ಬುಕ್ ಮಾಡಿ, ವೀಸಾ ಬಂದ ಮರುದಿನ ಒಂದೊಂದಾಗಿ ರದ್ದು ಮಾಡುತ್ತ ಕೂರುವ ಲಕ್ಷಾಂತರ ಸಭ್ಯ ಜನರನ್ನು ಸುಳ್ಳುಗಾರರನ್ನಾಗಿ ಮಾಡಿದ ವ್ಯವಸ್ಥೆಯನ್ನು ಏನೆಂದು ಕರೆಯಬೇಕು?

ಕ್ರೆಮ್ಸ್ ಹತ್ತಿರದ ಶಿಬಿರದಲ್ಲಿ ಪಕ್ಕದ ಟೆಂಟಿನವರು ನಿವೃತ್ತ ಡಚ್ಚರು. ನಾಳೆ ಎಲ್ಲಿಗೆ ಎಂದು ಕೇಳಿದೆ. ಗೊತ್ತಿಲ್ಲ ಎಂದು ನಕ್ಕರು. ಆ ನಗುವಿನಲ್ಲಿ ಯಾವ ದಾರ್ಶನಿಕತೆಯೂ ಇರಲಿಲ್ಲ. ಅವರಿಗೆ ನಿಜಕ್ಕೂ ಗೊತ್ತಿರಲಿಲ್ಲ, ಗೊತ್ತಿರಬೇಕಾದ ಅಗತ್ಯ ಬದುಕಿನಲ್ಲಿ ಯಾವತ್ತೂ ಬಂದಿರಲಿಲ್ಲ. ನನ್ನ ಚೀಲದಲ್ಲಿ ನಾನು ಮಲಗಲಿರುವ ಪ್ರತಿ ರಾತ್ರಿಯ ವಿಳಾಸ ಅಚ್ಚಾಗಿ ಕೂತಿತ್ತು. ಅವತ್ತು ರಾತ್ರಿ ಆ ಪಟ್ಟಿಯ ಪ್ರಕಾರ ನಾನು ವಿಯೆನ್ನಾದಲ್ಲಿ ಇರಬೇಕಿತ್ತು. ಅದೇ ನದಿ, ಅದೇ ದಾರಿ, ಅದೇ ಬೆನ್ನಗಾಳಿ. ಅವರು ಪ್ರವಾಸ ಮಾಡುತ್ತಿದ್ದರು, ನಾನು ಜಾಮೀನಿನ ಮೇಲೆ ಓಡಾಡುತ್ತಿದ್ದೆ.

ಒಡಿಶಾದ ಚಿತ್ರಕಾರ ಪ್ರದ್ಯುಮ್ನ ಕುಮಾರ ಮಹಾನಂದಿಯಾ 1977ರಲ್ಲಿ ದೆಹಲಿಯಲ್ಲಿ ಸೈಕಲ್ ಕೊಂಡು, ಸ್ವೀಡನ್ನಿನಲ್ಲಿದ್ದ ಹೆಂಡತಿಯನ್ನು ಸೇರಲು ಹೊರಟರು. ಆಫ್ಘಾನಿಸ್ತಾನ, ಇರಾನ್, ಟರ್ಕಿ ಹಾಯ್ದು, ದಾರಿಯುದ್ದಕ್ಕೂ ಜನರ ಮುಖಚಿತ್ರ ಬರೆದು ಹೊಟ್ಟೆ ಹೊರೆಯುತ್ತ ಯುರೋಪು ತಲುಪಿದರು. ರಾತ್ರಿಗಳ ಪಟ್ಟಿ ಹಿಡಿದು ಇಂದು ಯಾರೂ ಹಾಗೆ ಹೊರಡಲಾರರು.

ಹೋಗುವ ಮನಸ್ಸಿರುವವರು ಹೋಗಿ, ಜುಲೈಯಲ್ಲಿ, ಪಶ್ಚಿಮದಿಂದ ಪೂರ್ವಕ್ಕೆ. ಅರ್ಜಿಯನ್ನು ಪ್ರಯಾಣಕ್ಕೆ ಆರು ತಿಂಗಳು ಮೊದಲೇ ಹಾಕಬಹುದು. ಶುಲ್ಕ 90 ಯೂರೋ. ವೀಸಾ ಕೊಡದಿದ್ದರೂ ಅದನ್ನು ಹಿಂದಿರುಗಿಸುವುದಿಲ್ಲ.