ವೆಂಕಟಲಕ್ಷ್ಮಮ್ಮನವರ ಹೆಸರು ಪೂರ್ತಿ ಬರಲಿ

ನಿಮ್ಮ ಮಗಳು ಡೈರಿ ಲೆಕ್ಕದ ಪ್ರೋಗ್ರಾಂ ಬರೀತಿದ್ದಾಳೆ ಅಂದ್ರಲ್ಲ ಅಕ್ಕಾ, ಕೇಳಿ ಬಹಳ ಸಂತೋಷವಾಯ್ತು. ಕಾಲೇಜಿನ ಪ್ರಾಜೆಕ್ಟ್ ಅಂದ್ರೆ ಎಲ್ಲರೂ ಲೈಬ್ರರಿ ಪುಸ್ತಕಗಳ ಹಿಂದೆ ಬೀಳ್ತಾರೆ. ಇವಳು ಬೂದಿಕೋಟೆಯ ಹಾಲನ್ನೇ ಹಿಡಿದಿದ್ದಾಳೆ, ಅದೂ ಜಾವಾ ಸ್ವಿಂಗ್‌ನಲ್ಲಿ. ಹಳೇದು ಅಂತ ಯಾರಾದ್ರೂ ಮೂಗು ಮುರಿದ್ರೆ ಕಿವಿಗೆ ಹಾಕ್ಕೋಬೇಡ ಅನ್ನಿ. 1998ರಲ್ಲಿ ಜಾವಾ 1.2ರ ಜೊತೆ ಬಂದ ಸ್ವಿಂಗ್ ಇವತ್ತಿಗೂ ನೆಟ್ ಇಲ್ಲದ ಕಂಪ್ಯೂಟರಿನಲ್ಲಿ ತಕರಾರಿಲ್ಲದೆ ಓಡುತ್ತೆ.

ಬಟನ್ ಒತ್ತಿದ್ರೂ ಏನೂ ಆಗ್ತಿಲ್ಲ ಅಂತ ಕೂತಿದ್ದಾಳಂತೆ. ನಮ್ಮೂರಿನ ‘ನಮ್ಮ ಧ್ವನಿ’ ರೇಡಿಯೋ ನೆನಪಿದೆಯಲ್ಲ? ಮೈರಾಡ, ವಾಯ್ಸಸ್ ಸಂಸ್ಥೆಗಳು, ಯುನೆಸ್ಕೋ ಕೈಜೋಡಿಸಿ ಕಟ್ಟಿದ್ದು. ಆಗ ಊರಿನವರು ಸ್ವಂತ ರೇಡಿಯೋವನ್ನು ಗಾಳಿಗೆ ಬಿಡುವ ಹಾಗಿರಲಿಲ್ಲ. ಸ್ವಯಂಸೇವಾ ಸಂಸ್ಥೆಗಳಿಗೆ ಸಮುದಾಯ ರೇಡಿಯೋದ ಬಾಗಿಲು ತೆರೆದದ್ದು 2006ರಲ್ಲಿ. ಅದಕ್ಕೇ ಕೇಬಲ್ ಟಿವಿ ತಂತಿಯಲ್ಲಿ ದನಿ ಕಳಿಸಿದ್ರು. ತಂತಿ ಎಳೆಸಿಕೊಂಡ ಮನೆಗೆ ಕಾರ್ಯಕ್ರಮ, ಉಳಿದವರಿಗಿಲ್ಲ. ಸ್ವಿಂಗ್ ಬಟನ್ನೂ ಹಾಗೇ. ‘ಆಡ್ ಆಕ್ಷನ್ ಲಿಸನರ್’ ಅಂತ ಹೆಸರು ನೋಂದಾಯಿಸಿದವರಿಗಷ್ಟೇ ಸುದ್ದಿ ಮುಟ್ಟಿಸುತ್ತೆ. 1997ರ ಜಾವಾ 1.1ರಿಂದ ಇದೇ ಪದ್ಧತಿ. ಅವಳು ಆ ಸಾಲನ್ನೇ ಬಿಟ್ಟಿರಬೇಕು. ಹಾಗಂತ ಕಿಟಕಿ ತೆರೆದಾಗಲೆಲ್ಲ ಅದೇ ಬಟನ್ನಿಗೆ ಮತ್ತೆ ಮತ್ತೆ ನೋಂದಾಯಿಸಿದ್ರೆ ಒಂದು ಒತ್ತಿಗೆ ಎರಡು ಸಲ ಹಾಲು ಜಮಾ ಆಗುತ್ತೆ. ಕನ್‌ಸ್ಟ್ರಕ್ಟರಿನಲ್ಲಿ ಒಮ್ಮೆ ಬರೆದ್ರೆ ಸಾಕು.

ಬಟನ್ನಿಗೆ ಮೌಸ್ ಲಿಸನರ್ ಬೇಡ. ಬೆಳಗ್ಗೆ ಕ್ಯಾನ್ ಹಿಡಿದು ಸಾಲು ನಿಂತಿರುವಾಗ ಬರೆಯೋರು ಟ್ಯಾಬ್, ಸ್ಪೇಸ್ ಒತ್ತಿಕೊಂಡೇ ಮುಂದೆ ಹೋಗ್ತಾರೆ, ಮೌಸ್ ಮುಟ್ಟೋದೇ ಇಲ್ಲ. ಆಕ್ಷನ್ ಲಿಸನರ್ ಆದ್ರೆ ಮೌಸ್, ಸ್ಪೇಸ್ ಎರಡಕ್ಕೂ ಓಗೊಡುತ್ತೆ.

ನನಗೆ ನಿಜವಾಗಿ ಮನಸ್ಸಿಗೆ ಹತ್ತಿರವಾದದ್ದು ಹೆಸರು ಬರೆಯೋ ಜಾಗ. ಇಂಗ್ಲಿಷ್ ಪುಸ್ತಕ ನೋಡಿ ಕಲಿತೋರು ಅಲ್ಲಿ ಕೀ ಲಿಸನರ್ ಹಾಕ್ತಾರೆ, ಒಂದೊಂದು ಕೀ ಒತ್ತಿದಾಗಲೂ ಪರೀಕ್ಷೆ ಮಾಡ್ತಾರೆ. ಕನ್ನಡಕ್ಕೆ ಅದು ಒಗ್ಗಲ್ಲ. ನಡುವೆ ಇನ್‌ಪುಟ್ ಮೆಥಡ್ ಕೂತು ಅಕ್ಷರ ಕಟ್ಟಿಕೊಡುವಾಗ, ಒತ್ತಿದ ಕೀಗೂ ಮೂಡಿದ ಅಕ್ಷರಕ್ಕೂ ತಾಳೆಯಾಗಲ್ಲ. ಮೌಸಿನಿಂದ ಪೇಸ್ಟ್ ಮಾಡಿದ್ರಂತೂ ಕೀ ಒತ್ತಿದ ಸುದ್ದಿಯೇ ಇರಲ್ಲ. ಬರಹ ಬದಲಾದದ್ದನ್ನು ಹೇಳೋದು ಡಾಕ್ಯುಮೆಂಟ್ ಲಿಸನರ್. ಆದ್ರೆ ಅದರೊಳಗೇ ಕೂತು ಬರಹ ತಿದ್ದೋಕೆ ಹೋದ್ರೆ ಎರರ್ ಬರುತ್ತೆ. ತಿದ್ದೋದಿದ್ರೆ ಡಾಕ್ಯುಮೆಂಟ್ ಫಿಲ್ಟರ್ ಇದೆ.

ಇನ್ನು ಉದ್ದದ ಮಿತಿ. ಹೆಸರಿಗೆ 10 ಸಾಕು ಅಂತ ಇಟ್ಟಿದ್ದಾಳಂತಲ್ಲ! ವೆಂಕಟಲಕ್ಷ್ಮಮ್ಮ ಅನ್ನೋ ಹೆಸರಿಲ್ಲದ ಬೀದಿ ನಮ್ಮ ಕಡೆ ಇದೆಯಾ? ಬಾಯಲ್ಲಿ ಹೇಳಿದ್ರೆ ಆರೇ ಅಕ್ಷರ: ವೆಂ, ಕ, ಟ, ಲ, ಕ್ಷ್ಮ, ಮ್ಮ. ಜಾವಾದ ಲೆಂಗ್ತ್ ಕೇಳಿದ್ರೆ 14 ಅನ್ನುತ್ತೆ. ಏತ್ವ, ಸೊನ್ನೆ, ಒತ್ತಕ್ಷರ ಕಟ್ಟೋ ಪ್ರತಿಯೊಂದು ಹಲಂತ, ಎಲ್ಲವನ್ನೂ ಯೂನಿಕೋಡ್ ಬೇರೆ ಬೇರೆ ಎಣಿಸುತ್ತೆ. 10ಕ್ಕೆ ಕತ್ತರಿಸಿದ್ರೆ ‘ವೆಂಕಟಲಕ್ಷ್’ ಅಂತ ನಿಲ್ಲುತ್ತೆ. ದಿನಾ ಎರಡು ಹೊತ್ತು ಹಾಲು ಹಾಕೋ ಹೆಂಗಸು ಚೀಟಿಯಲ್ಲಿ ತನ್ನ ಹೆಸರು ಹೀಗೆ ಮುರಿದು ಬಿದ್ದದ್ದು ಯಾಕೆ ನೋಡ್ಬೇಕು? ಮಿತಿ ತೆಗೆದುಬಿಡಲಿ, ಇಲ್ಲವೇ 100 ಇಡಲಿ. ಜಾಗಕ್ಕೇನೂ ಬರ ಇಲ್ಲ.

ಸೇವ್ ಒತ್ತಿದಾಗ ಕಿಟಕಿ ಮರಗಟ್ಟುತ್ತೆ ಅಂದಳಂತೆ. ಸ್ವಿಂಗ್‌ನಲ್ಲಿ ಪರದೆ ಬಿಡಿಸೋದೂ ಲಿಸನರ್‌ಗಳನ್ನು ಕರೆಯೋದೂ ಒಂದೇ ಥ್ರೆಡ್. ಡೇಟಾಬೇಸಿಗೆ ಬರೆಯೋ ಕೆಲಸವನ್ನೂ ಅದರ ತಲೆಗೇ ಕಟ್ಟಿದ್ರೆ ಉಳಿದದ್ದೆಲ್ಲ ಕಾಯುತ್ತೆ. ಅದಕ್ಕೆಂದೇ ಜಾವಾ 6ರಲ್ಲಿ ಸ್ವಿಂಗ್ ವರ್ಕರ್ ಕೊಟ್ಟಿದ್ದಾರೆ, ಓದಿಕೊಳ್ಳಲಿ.

ಲೀಟರ್ ಬರೆಯೋ ಕಡೆ ಕನ್ನಡ ಅಂಕಿಯನ್ನೂ ತಗೊಳ್ಳಲಿ ಅಕ್ಕಾ. ‘ಇಂಟಿಜರ್ ಪಾರ್ಸ್ ಇಂಟ್’ಗೆ ೧೨ ಅಂತ ಕೊಟ್ರೆ ಅದು 12 ಅಂತಲೇ ಓದುತ್ತೆ, ಎಷ್ಟೋ ಜನಕ್ಕೆ ಇದು ಗೊತ್ತಿಲ್ಲ. ಆದ್ರೆ ಹಾಲು ಇಡೀ ಲೀಟರಿನಲ್ಲೇ ಬರಲ್ಲವಲ್ಲ. ‘ಡಬಲ್ ಪಾರ್ಸ್ ಡಬಲ್’ಗೆ ೫.೫ ಕೊಟ್ರೆ ಒಪ್ಪಲ್ಲ, ಎರರ್ ಎಸೆಯುತ್ತೆ. ಡೆಸಿಮಲ್ ಫಾರ್ಮ್ಯಾಟ್‌ನಿಂದ ಓದಿಸಿದ್ರೆ ೫.೫, 5.5 ಎರಡೂ ನಡೆಯುತ್ತೆ. ಅದು ಕೊನೇವರೆಗೂ ಓದಿತಾ ಅಂತ ಮಾತ್ರ ಪಾರ್ಸ್ ಪೊಸಿಷನ್‌ನಲ್ಲಿ ನೋಡ್ಕೊಳ್ಳಬೇಕು. 5 ಆದ್ಮೇಲೆ ಸ್ಪೇಸ್ ಬಿದ್ದು ಆಮೇಲೆ .5 ಇದ್ರೆ, 5 ಅಂತಷ್ಟೇ ತಗೊಂಡು ಸುಮ್ಮನಾಗುತ್ತೆ. ಅರ್ಧ ಲೀಟರ್ ಹೋದದ್ದು ಬಿಲ್ಲಿನ ದಿನದವರೆಗೂ ಯಾರಿಗೂ ತಿಳಿಯಲ್ಲ.