ನಮ್ಮೂರಿನ ಬೆಂಗಳೂರು ಶಾಖೆ

ಬೆಂಗಳೂರು ವಿಶ್ವವಿದ್ಯಾಲಯದಲ್ಲಿ ನನಗೆ ಕನ್ನಡ ಎಂ.ಎ.ಗೆ ಸೀಟು ಸಿಕ್ಕಿದೆ ಎಂಬ ಸುದ್ದಿ ಶಿರಾ ತಾಲ್ಲೂಕಿನ ನಮ್ಮೂರಿಗೆ ಮುಟ್ಟಿದಾಗ, ಎಂ.ಎ. ಅಂದರೇನು, ಅದನ್ನು ಓದಿದರೆ ಯಾವ ಕೆಲಸ ಸಿಗುತ್ತದೆ ಎಂದು ಒಬ್ಬರೂ ಕೇಳಲಿಲ್ಲ. ಅರಳಿಕಟ್ಟೆಯಿಂದ ಬಂದದ್ದು ಒಂದೇ ಪ್ರಶ್ನೆ: “ಹಾಸ್ಟೆಲ್ಲು ಕೊಡ್ತಾರೇನಪ್ಪ?” ಕೊಡ್ತಾರೆ ಎಂದೆ. “ಮೆಜೆಸ್ಟಿಕ್ಕಿಂದ ಬಸ್ಸು ಐತಾ?” ಐತೆ ಎಂದೆ. ಊರಿಗೆ ಊರೇ ನಿಟ್ಟುಸಿರು ಬಿಟ್ಟಿತು. ಅಲ್ಲಿಯವರೆಗೆ ಬೆಂಗಳೂರಿಗೆ ಹೋದವರು ಕತ್ತಲಾಗುವುದರೊಳಗೆ ವಾಪಸು ಬಸ್ಸು ಹತ್ತಬೇಕಿತ್ತು, ಇಲ್ಲವೇ ಶಾಸಕರ ಭವನದಲ್ಲಿ ಯಾರದಾದರೂ ಕೈಕಾಲು ಹಿಡಿಯಬೇಕಿತ್ತು. ಈಗ ರಾಜಧಾನಿಯಲ್ಲಿ ಊರಿನದೇ ಒಂದು ಶಾಖೆ ತೆರೆದಂತಾಯಿತು. ಅದರ ಮ್ಯಾನೇಜರು, ಗುಮಾಸ್ತ, ಜವಾನ ಎಲ್ಲ ನಾನೇ.

1964ರಲ್ಲಿ ಈ ವಿಶ್ವವಿದ್ಯಾಲಯ ಶುರುವಾದಾಗ ಅದಕ್ಕೆ ಆಸರೆಯಾಗಿದ್ದದ್ದು ನಗರದ ನಟ್ಟನಡುವಿನ ಸೆಂಟ್ರಲ್ ಕಾಲೇಜು ಮತ್ತು ಕೆ.ಆರ್. ಸರ್ಕಲ್ಲಿನ ಎಂಜಿನಿಯರಿಂಗ್ ಕಾಲೇಜು. ಆಮೇಲೆ, ಮಕ್ಕಳು ಗಲಾಟೆಯಿಂದ ದೂರ ಕೂತು ಓದಿಕೊಳ್ಳಲಿ ಎಂದು ಮೈಸೂರು ರಸ್ತೆಯ ಪಕ್ಕ 1,000 ಎಕರೆಗೂ ಮಿಕ್ಕ ಜಾಗದಲ್ಲಿ ಜ್ಞಾನಭಾರತಿ ಎದ್ದಿತು. ಕಲ್ಲಿನ ಕಟ್ಟಡಗಳು, ನೀಲಗಿರಿ ತೋಪು, ಆಗಾಗ ನವಿಲು. ನಗರ ಬಿಟ್ಟೀತೇ? ಬೆನ್ನು ಹತ್ತಿ ಬಂದು ಒಂದು ಕಡೆ ನಾಗರಬಾವಿಯಾಗಿ, ಇನ್ನೊಂದು ಕಡೆ ಕೆಂಗೇರಿಯಾಗಿ ಸುತ್ತುಗಟ್ಟಿತು. ಕ್ಯಾಂಪಸ್ಸಿನ ಒಳರಸ್ತೆ ಊರವರಿಗೆಲ್ಲ ಅಡ್ಡದಾರಿಯಾಯಿತು. ಇನ್ನು ಪಕ್ಕದಲ್ಲೇ ಕೊಳಚೆ ಹೊತ್ತು ಹರಿಯುವ ವೃಷಭಾವತಿ ನದಿ. ಓದು ಬಾರದ ನಮ್ಮೂರ ಹಿರಿಯರಿಗೆ ನಾನು ಸ್ಟಾಪಿನ ಗುರುತು ಹೇಳುತ್ತಿದ್ದದ್ದು ಹೀಗೆ: “ಯಾವಾಗ ಮೂಗು ಮುಚ್ಕಬೇಕು ಅನ್ಸುತ್ತೋ ಆಗ ಎದ್ದು ಬಾಗಿಲ ಹತ್ರ ಬನ್ನಿ.” ಪಕ್ಕದ ಮನೆ ಅಜ್ಜಿ ಇದನ್ನು ಅಕ್ಷರಶಃ ಪಾಲಿಸಿ ನಾಯಂಡಹಳ್ಳಿಯಲ್ಲೇ ಇಳಿದುಬಿಟ್ಟಿತು. ತಪ್ಪು ಅಜ್ಜಿಯದಲ್ಲ, ನದಿ ಅಲ್ಲಿಂದಲೇ ಸ್ವಾಗತ ಕೋರುತ್ತಿತ್ತು.

ಹಾಸ್ಟೆಲ್ಲಿನಲ್ಲಿ ‘ಗೆಸ್ಟ್’ ಎಂಬುದೊಂದು ಪಂಗಡ. ದಾಖಲೆಯಲ್ಲಿ ರೂಮಿಗೆ ಇಬ್ಬರು. ಬೆಳಿಗ್ಗೆ ಹಲ್ಲುಜ್ಜಲು ಹೊರಡುವವರು ಐವರು. ಗೆಸ್ಟುಗಳಲ್ಲಿ ಎರಡು ತರ. ಒಂದು, ಎಂ.ಎ. ಮುಗಿಸಿ ಹೋಗಬೇಕಾಗಿದ್ದೂ ಹೋಗದೆ, ಕೆ.ಎ.ಎಸ್. ಬರೆಯುತ್ತೇನೆಂದು ಮೂಲೆಯಲ್ಲಿ ಚಾಪೆ ಹಾಸಿ ಕೂತ ಸೀನಿಯರು. ಹಗಲೆಲ್ಲ ವಿಜಯನಗರದ ಕಡೆ ಲೈಬ್ರರಿಯಲ್ಲಿ ಓದಿ ರಾತ್ರಿ ಬರುವ ಇವರಿಗೆ ಸಂವಿಧಾನದ ವಿಧಿಗಳೆಲ್ಲ ಬಾಯಿಪಾಠ. ಮೆಸ್ಸಿನಲ್ಲಿ ಚಿಕನ್ ಯಾವತ್ತು ಎಂಬುದು ಅದಕ್ಕಿಂತ ಚೆನ್ನಾಗಿ ಬಾಯಿಪಾಠ. ಎರಡನೆಯದು, ನಮ್ಮೂರಿನವರಂಥವರು. ನಮ್ಮದು ಡಿವೈಡಿಂಗ್ ಸಿಸ್ಟಂ: ತಿಂಗಳ ಖರ್ಚನ್ನೆಲ್ಲ ಕೂಡಿ ತಲೆಗೆ ಇಷ್ಟು ಎಂದು ಹಂಚುವುದು. ಗೆಸ್ಟಿನ ತಲೆ ಊಟಕ್ಕೆ ಉಂಟು, ಹಂಚಿಕೆಗೆ ಇಲ್ಲ. ನಮ್ಮ ಕಟ್ಟೆಮನೆ ದೊಡ್ಡಪ್ಪ ಒಮ್ಮೆ ಬಂದವರು ಮುದ್ದೆಯ ಮೇಲೆ ಮುದ್ದೆ ಇಳಿಸಿ, “ಸಾರು ತೆಳ್ಳಗಾಯ್ತು ಕಣಯ್ಯ, ಇದುಕ್ಕೆ ದುಡ್ಡು ಬೇರೆ ಕೊಡ್ತೀರಾ?” ಎಂದು ಮೆಸ್ ಸೆಕ್ರೆಟರಿಯನ್ನೇ ವಿಚಾರಿಸಿಕೊಂಡರು. ಆ ಹುಡುಗ ತನ್ನ ಅವಧಿಯುದ್ದಕ್ಕೂ ನನ್ನ ಕಡೆ ನೋಡಿ ನಗಲಿಲ್ಲ.

ಹಳಗನ್ನಡ ಕಾವ್ಯದ ಕ್ಲಾಸು ಬೆಳಿಗ್ಗೆ. ಶಿರಾ ಕಡೆಯ ಮೊದಲ ಬಸ್ಸು ಮೆಜೆಸ್ಟಿಕ್ಕಿಗೆ ಬರುವುದೂ ಬೆಳಿಗ್ಗೆ. ಪಂಪ ಕಾಯುತ್ತಾನೆ, ಸಾವಿರ ವರ್ಷ ಕಾದವನಿಗೆ ಇನ್ನೊಂದು ದಿನ ದೊಡ್ಡದಲ್ಲ. ಆದರೆ ಕಣ್ಣಿನ ಪೊರೆಯ ಆಪರೇಷನ್ನಿಗೆ ಬಂದ ಅಜ್ಜಿ ಪ್ಲಾಟ್‌ಫಾರಂನಲ್ಲಿ ಕಾಯುವುದಿಲ್ಲ, ಸಿಕ್ಕವರನ್ನೆಲ್ಲ “ನಮ್ಮ ಹುಡುಗನ್ನ ಕಂಡ್ರಾ, ದೊಡ್ಡ ಕಾಲೇಜಲ್ಲಿ ಓದ್ತಾನೆ” ಎಂದು ಕೇಳಲು ಶುರುಮಾಡುತ್ತದೆ. ಹೀಗಾಗಿ ನನ್ನ ಪಠ್ಯಕ್ರಮವೇ ಬೇರೆ ಆಯಿತು. ಕಣ್ಣಿಗೆ ಮಿಂಟೋ, ಹೆರಿಗೆಗೆ ವಾಣಿವಿಲಾಸ, ಹೃದಯಕ್ಕೆ ಜಯದೇವ. ಮದುವೆ ಪತ್ರಿಕೆಗೆ ಸುಲ್ತಾನ್‌ಪೇಟೆ, ಸೀರೆಗೆ ಚಿಕ್ಕಪೇಟೆ, ಪಂಪ್‌ಸೆಟ್ಟಿನ ಸಾಮಾನಿಗೆ ಎಸ್.ಜೆ.ಪಿ. ರೋಡು. ಮಾರ್ಕ್ಸ್ ಕಾರ್ಡಿನಲ್ಲಿ ಅಪ್ಪನ ಹೆಸರು ತಪ್ಪಾಗಿದ್ದರೆ ಮಲ್ಲೇಶ್ವರ. ಅದರಲ್ಲೂ ಎಸ್ಸೆಸ್ಸೆಲ್ಸಿಯಾದರೆ ಆರನೇ ಕ್ರಾಸು, ಪಿಯುಸಿಯಾದರೆ ಹದಿನೆಂಟನೇ ಕ್ರಾಸು. ಈ ಹನ್ನೆರಡು ಕ್ರಾಸುಗಳ ಅಂತರ ತಿಳಿಯದೆ ಬಿಸಿಲಲ್ಲಿ ನಡೆದವರನ್ನು ಕೇಳಿ ನೋಡಿ, ಪ್ರಾಸದ ಬಗೆಗಳಿಗಿಂತ ಇದು ಎಷ್ಟು ಉಪಯೋಗದ ವಿದ್ಯೆ ಎಂದು ಹೇಳುತ್ತಾರೆ. ಕೆಲಸ ಆದರೂ ಆಗದಿದ್ದರೂ ಸಂಜೆ ಲಾಲ್‌ಬಾಗು ತೋರಿಸಲೇಬೇಕು. ಗಾಜಿನ ಮನೆ ನೋಡಿದ ಚಿಕ್ಕಪ್ಪ, “ಇಷ್ಟು ಜಾಗದಲ್ಲಿ ಎಷ್ಟು ಮೂಟೆ ಕಡ್ಲೆಕಾಯಿ ಬೆಳೀಬೋದಿತ್ತು” ಎಂದು ನಿಜವಾಗಿಯೂ ನೊಂದುಕೊಂಡರು.

ಹಾಜರಿ ಕಡಿಮೆಯಾದಾಗ ಮೇಷ್ಟ್ರು ಕರೆದು ಕೇಳಿದರು. “ಊರಿಂದ ಬಂದಿದ್ರು ಸರ್” ಎಂದೆ. ಬೈಯಲು ಬಾಯಿ ತೆರೆದ ಮೇಷ್ಟ್ರು ಹಾಗೇ ಮುಚ್ಚಿಕೊಂಡು, ಸುತ್ತ ನೋಡಿ, ಮೆಲ್ಲಗೆ, “ಆರನೇ ಕ್ರಾಸಿನ ಆಫೀಸು ಶನಿವಾರ ಇರುತ್ತೇನಯ್ಯಾ? ನಮ್ಮನೇಲೂ ಇಬ್ರು ಬಂದು ಕೂತಿದಾರೆ” ಅಂದರು. ಗುರುಶಿಷ್ಯ ಸಂಬಂಧ ಅವತ್ತು ಗಟ್ಟಿಯಾಯಿತು. ಮೇಷ್ಟ್ರಷ್ಟೇ ಏಕೆ, ಈ ವಿಶ್ವವಿದ್ಯಾಲಯಕ್ಕೆ 1972ರಿಂದ 1977ರವರೆಗೆ ಕುಲಪತಿಯಾಗಿದ್ದ ಎಚ್. ನರಸಿಂಹಯ್ಯನವರು ಗೌರಿಬಿದನೂರು ತಾಲ್ಲೂಕಿನ ಹೊಸೂರಿನಿಂದ ಓದಿಗಾಗಿ ನಡೆದೇ ಬೆಂಗಳೂರು ಸೇರಿದವರು. ದೊಡ್ಡವರಾದ ಮೇಲೂ ನ್ಯಾಷನಲ್ ಕಾಲೇಜಿನ ಹಾಸ್ಟೆಲ್ ರೂಮನ್ನೇ ಮನೆ ಮಾಡಿಕೊಂಡಿದ್ದವರು. ಪವಾಡಗಳನ್ನು ಪರೀಕ್ಷಿಸಲು ಸಮಿತಿ ಮಾಡಿದವರೂ ಅವರೇ. ಆ ರೂಮಿನ ಬಾಗಿಲನ್ನು ಊರ ಕಡೆಯವರು ಮಾರ್ಕ್ಸ್ ಕಾರ್ಡು ಹಿಡಿದು ತಟ್ಟಲಿಲ್ಲ ಎಂದು ಯಾರಾದರೂ ಹೇಳಿದರೆ, ಅದೂ ಒಂದು ಪವಾಡವೇ, ನಾನಂತೂ ನಂಬಲಾರೆ.

ವಿಚಿತ್ರವೆಂದರೆ, ನನ್ನ ಕ್ಲಾಸಿನಲ್ಲಿದ್ದ ಬೆಂಗಳೂರಿನಲ್ಲೇ ಹುಟ್ಟಿದವರಿಗೆ ಬೆಂಗಳೂರು ಗೊತ್ತಿರಲಿಲ್ಲ. ಜಯನಗರದವನಿಗೆ ಜಯನಗರ ಗೊತ್ತು, ರಾಜಾಜಿನಗರದವಳಿಗೆ ರಾಜಾಜಿನಗರ. ತಾತನನ್ನು ಮಿಂಟೋಗೆ ಕರೆದುಕೊಂಡು ಹೋಗಬೇಕಾದಾಗ ಅವರು ವಿಚಾರಿಸಿದ್ದು ಶಿರಾದ ಹುಡುಗನನ್ನು. ಪೇಟೆಯ ವಿಶ್ವವಿದ್ಯಾಲಯದಲ್ಲಿ ಪೇಟೆಯನ್ನು ಓದುವವರು ಹಳ್ಳಿಯವರೇ ಎಂಬುದು ನನ್ನ ಅಭಿಪ್ರಾಯ. ಊರಿಂದ ಯಾರೂ ಬಾರದ ವಾರದಲ್ಲಿ ಮಾತ್ರ ಕ್ಲಾಸು, ಲೈಬ್ರರಿ ಎಲ್ಲ ಸಾಂಗವಾಗಿ ನಡೆದು, ನನಗೆ ಎಂಥದೋ ಕಸಿವಿಸಿಯಾಗುತ್ತಿತ್ತು.

ಈಗ ಅಕ್ಕನ ಮಗಳು ಅಲ್ಲೇ ಓದುತ್ತಿದ್ದಾಳೆ. 2021ರಿಂದ ಜ್ಞಾನಭಾರತಿ ಹೆಸರಿನ ಮೆಟ್ರೋ ನಿಲ್ದಾಣವೇ ಇದೆ. ಮೂಗನ್ನು ನಂಬಿ ಇಳಿಯಬೇಕಾಗಿಲ್ಲ. ಶಾಖೆಯ ಕೆಲಸವೂ ಅರ್ಧ ಮೊಬೈಲಿಗೆ ಬಂದಿದೆ: ಅರ್ಜಿ ಹಾಕು, ಪಹಣಿ ತೆಗಿ, ಓಟಿಪಿ ಬಂತಾ ನೋಡು. ಸದ್ಯ, ಲೇಡೀಸ್ ಹಾಸ್ಟೆಲ್ಲಿನಲ್ಲಿ ಗೆಸ್ಟಿಗೆ ಜಾಗವಿಲ್ಲ, ಇವಳು ಬಚಾವು ಎಂದುಕೊಂಡೆವು. 2023ರ ಜೂನಿನಲ್ಲಿ ಶಕ್ತಿ ಯೋಜನೆ ಬಂದು ಹೆಂಗಸರಿಗೆ ಸರ್ಕಾರಿ ಬಸ್ಸು ಉಚಿತವಾಯಿತು ನೋಡಿ, ಈಗ ಭಾನುವಾರವಾದರೆ ಊರಿನ ಅತ್ತೆ, ಚಿಕ್ಕಮ್ಮ, ದೊಡ್ಡಮ್ಮಂದಿರು ಆಧಾರ್ ಕಾರ್ಡು ಸೆರಗಿಗೆ ಕಟ್ಟಿಕೊಂಡು ಗೇಟಿನ ಮುಂದೆ ಹಾಜರು. “ಸುಮ್ನೆ ನೋಡ್ಕೊಂಡು ಹೋಗಾನ ಅಂತ ಬಂದ್ವಿ, ಚಿಕ್ಕಪೇಟೆ ಎಷ್ಟೊತ್ತು ತೆಗೆದಿರುತ್ತೆ?” ಅವಳ ಪ್ರಾಜೆಕ್ಟ್ ವರದಿ ಇನ್ನೂ ಪೀಠಿಕೆಯಲ್ಲೇ ಇದೆ.

ಆದ್ದರಿಂದ ಓದುಗರಲ್ಲಿ ಒಂದು ಅರಿಕೆ. ನಿಮ್ಮೂರಿನ ಮಕ್ಕಳೂ ಬೆಂಗಳೂರಿನಲ್ಲಿ ಓದುತ್ತಿರಬಹುದು. ಹೋಗಬೇಡಿ ಎಂದರೆ ನೀವು ಕೇಳುವುದಿಲ್ಲ, ಹೋಗಿ. ಆದರೆ ಹೊರಡುವ ಮುಂಚೆ ಒಂದು ಫೋನು ಮಾಡಿ. ಪರೀಕ್ಷೆ ಇದೆ ಎಂದರೆ ನಂಬಿ. ಹೊದೆಯಲು ಚಾದರ ನೀವೇ ತೆಗೆದುಕೊಂಡು ಹೋಗಿ. ಚಕ್ಕುಲಿ, ನಿಪ್ಪಟ್ಟು ಕಟ್ಟುವಾಗ ಆ ರೂಮಿನಲ್ಲಿ ನಿಜವಾಗಿ ಎಷ್ಟು ಜನ ಇದ್ದಾರೆಂದು ಕೇಳಿ ಕಟ್ಟಿ. ಮತ್ತು ಮೆಸ್ಸಿನ ಸಾರಿನ ಬಗ್ಗೆ ದಯವಿಟ್ಟು ಏನೂ ಹೇಳಬೇಡಿ.