ಕಡ್ಡಿ ಪುರಾಣ

ಬುತ್ತಿ ಕಟ್ಟಿಕೊಳ್ಳದೆ ಗಿಡಮರ ನೋಡಲು ಹೊರಟ ಗುಂಪನ್ನು ನಾನಂತೂ ಇದುವರೆಗೆ ಕಂಡಿಲ್ಲ. ನಮ್ಮ ಬಡಾವಣೆಯ ವಾಕಿಂಗ್ ಬಳಗದವರು ಫಾಲ್ಗುಣ ಬಂತೆಂದರೆ ಒಂದು ‘ಉದ್ಯಾನ ದರ್ಶನ’ ಇಟ್ಟುಕೊಳ್ಳುತ್ತಾರೆ. ಭಾನುವಾರ ಒಂದು ಟಿ.ಟಿ. ಗೊತ್ತು ಮಾಡುವುದು, ಬೆಳಿಗ್ಗೆ ಲಾಲ್‌ಬಾಗ್, ಬಿಸಿಲೇರಿದ ಮೇಲೆ ಬಸವನಗುಡಿಯಲ್ಲಿ ಪರಿಚಯದವರ ಹಳೇ ಮನೆಗಳ ಕೈತೋಟ. ವಾಟ್ಸಾಪಿನಲ್ಲಿ ವಾರವಿಡೀ ಚರ್ಚೆ. ಅದರಲ್ಲಿ ಮುಕ್ಕಾಲು ಪಾಲು ಪುಳಿಯೋಗರೆಯೋ ಬಿಸಿಬೇಳೆಬಾತೋ ಎನ್ನುವುದಕ್ಕೇ ಸಂದುಹೋಗುತ್ತದೆ. ಯಾರ ಮನೆಯ ತೋಟ ಎನ್ನುವುದು ಶನಿವಾರ ರಾತ್ರಿ ಮಲಗುವ ಹೊತ್ತಿಗೆ ತೀರ್ಮಾನವಾದರೆ ಪುಣ್ಯ.

ಲಾಲ್‌ಬಾಗಿನಲ್ಲಿ ನಮಗೆ ಮಾರ್ಗದರ್ಶಿ ನಿವೃತ್ತ ಮೇಷ್ಟ್ರು. ಕೈಯಲ್ಲಿ ಊರುಗೋಲು. ನಡೆಯುವುದಕ್ಕೆ ಅದು ಬೇಕಾಗಿಲ್ಲ, ತೋರಿಸುವುದಕ್ಕೆ ಬೇಕು. ಜರ್ಮನಿಯಿಂದ ಬಂದ ಕೃಂಬಿಗಲ್ ಸಾಹೇಬರ ಕಥೆಯನ್ನು ಅವರು ಗೇಟು ದಾಟುವ ಮೊದಲೇ ಶುರು ಮಾಡುತ್ತಾರೆ. ಲಂಡನ್ನಿನ ಕ್ಯೂ ಉದ್ಯಾನದಲ್ಲಿ ಪಳಗಿ, ಬರೋಡಾದಲ್ಲಿ ದುಡಿದು, 1908ರಲ್ಲಿ ಮೈಸೂರು ಸಂಸ್ಥಾನಕ್ಕೆ ಬಂದ ಆ ಮನುಷ್ಯನಿಗೆ ಒಂದು ಹಟವಿತ್ತು: ಒಂದು ಜಾತಿಯ ಮರದ ಹೂ ಉದುರುವಷ್ಟರಲ್ಲಿ ಇನ್ನೊಂದು ಜಾತಿ ಅರಳಬೇಕು, ವರ್ಷವಿಡೀ ಬೆಂಗಳೂರು ಹೂ ಮುಡಿದಿರಬೇಕು. ಈ ತತ್ತ್ವ ನಮ್ಮ ಬಳಗಕ್ಕೆ ಚೆನ್ನಾಗಿ ಅರ್ಥವಾಗಿದೆ. ಟಿ.ಟಿ.ಯಲ್ಲಿ ಇಡ್ಲಿ ಮುಗಿಯುವಷ್ಟರಲ್ಲಿ ಕೋಡುಬಳೆ ಡಬ್ಬಿ ತೆರೆಯುತ್ತದೆ, ಕೋಡುಬಳೆ ತಳ ಕಾಣುವಷ್ಟರಲ್ಲಿ ಫ್ಲಾಸ್ಕಿನ ಕಾಫಿ.

ಕೆಂಪೇಗೌಡ ಗೋಪುರದ ಬಂಡೆ ಹತ್ತಿದಾಗ ಮೇಷ್ಟ್ರು ಕೋಲೂರಿ, “ನೀವೀಗ ನಿಂತಿರೋ ಕಲ್ಲಿಗೆ ಸುಮಾರು 300 ಕೋಟಿ ವರ್ಷ ವಯಸ್ಸು” ಅಂದರು. ಕೊನೇ ಮನೆ ಆಂಟಿ ಕೂಡಲೇ ಅದರ ಮೇಲೆ ಕೂತು ಮಂಡಿ ನೀವಿಕೊಂಡರು. “ನನ್ನ ಮಂಡಿಗೂ ಅಷ್ಟೇ ಆಗಿದೆ ಮೇಷ್ಟ್ರೇ.” ಅಲ್ಲಿಗೆ ಭೂವಿಜ್ಞಾನ ಮುಗಿಯಿತು. ಗುಲಾಬಿ ಟಬೆಬುಯಾ ಎಲೆಯನ್ನೆಲ್ಲ ಉದುರಿಸಿಕೊಂಡು ಬರೀ ಹೂವಾಗಿ ನಿಂತಿತ್ತು. ಎಲ್ಲರೂ ಅದಕ್ಕೆ ಬೆನ್ನು ಕೊಟ್ಟು ಫೋಟೋ ತೆಗೆಸಿಕೊಂಡರು. ಮರದ ಕಡೆ ಮುಖ ಮಾಡಿದವನು ಕ್ಯಾಮೆರಾ ಹಿಡಿದವನೊಬ್ಬನೇ.

ಸರ್ಕಾರಿ ತೋಟದಲ್ಲಿ ನಮ್ಮವರು ಇಷ್ಟು ಸಾಧುಗಳಾಗಿರುವುದಕ್ಕೆ ಕಾರಣವಿದೆ. ಅಲ್ಲಿ ಹೂ ಕೀಳುವಂತಿಲ್ಲ, ಕಾವಲಿನವರು ಸೀಟಿ ಊದುತ್ತಾರೆ. ನಿಜವಾದ ಹುರುಪು ಏನಿದ್ದರೂ ಖಾಸಗಿ ತೋಟದಲ್ಲಿ.

ಬಸವನಗುಡಿಯ ಆ ಮನೆಯ ಕಾಂಪೌಂಡಿನೊಳಗೆ ಕಾಲಿಟ್ಟದ್ದೇ ತಡ, ಎಲ್ಲರೂ ಗಿಡದ ಡಾಕ್ಟರಾದರು. “ದಾಸವಾಳಕ್ಕೆ ಬಿಳಿ ಹುಳ ಹತ್ತಿದೆ, ಬೇವಿನೆಣ್ಣೆ ಹೊಡೀರಿ.” “ಬೇಡಮ್ಮಾ, ಹುಳಿ ಮಜ್ಜಿಗೆ ಸಾಕು.” “ಕರಿಬೇವಿಗೂ ಅದನ್ನೇ ಹಾಕಿ, ಹೇಗೆ ಬರುತ್ತೆ ನೋಡಿ.” ಸೊಂಟದೆತ್ತರ ಬೆಳೆದು ನಳನಳಿಸುತ್ತಿದ್ದ ಕರಿಬೇವಿನ ಪಕ್ಕದಲ್ಲಿ ನಿಂತು ಆ ಮನೆಯಮ್ಮ ಎಲ್ಲದಕ್ಕೂ ತಲೆಯಾಡಿಸಿದರು. ಅವರ ಯಜಮಾನರು ಮಾತ್ರ ವರಾಂಡದ ಬೆತ್ತದ ಕುರ್ಚಿಯಲ್ಲಿ ಪೇಪರ್ ಹಿಡಿದು, ಪೇಪರಿನ ಮೇಲಿಂದ ನಮ್ಮ ಕೈಗಳನ್ನೇ ನೋಡುತ್ತಿದ್ದರು. ಅನುಭವಸ್ಥರು.

ಆದರೆ ಕೊನೇ ಮನೆ ಆಂಟಿಯ ಕೈಚಳಕ ಪೇಪರ್ ಹಿಡಿದವರಿಗೆ ಕಾಣುವಂಥದ್ದಲ್ಲ. ಅಡುಗೆಮನೆ ಕಿಟಕಿಯ ಕೆಳಗೆ ಕುಂಡದಲ್ಲಿದ್ದ ಬ್ರಹ್ಮಕಮಲವನ್ನು “ಎಷ್ಟು ಚೆನ್ನಾಗಿ ಬಂದಿದೆ ರೀ!” ಎಂದು ಸವರುತ್ತಾರೆ. ಕೈ ಹಿಂದಕ್ಕೆ ಬರುವಾಗ ಹೆಬ್ಬೆರಳಿನುಗುರಿಗೂ ತೋರುಬೆರಳಿಗೂ ನಡುವೆ ಒಂದು ಎಲೆ ಇರುತ್ತದೆ. ದಾಸವಾಳವಾದರೆ ಗೆಣ್ಣಿನ ಕೆಳಗೆ ಸರಿಯಾಗಿ ಒಂದು ಚಿವುಟು. ಒದ್ದೆ ಕರವಸ್ತ್ರದಲ್ಲಿ ಸುತ್ತಿ, ಬೆಳಿಗ್ಗೆ ಚಟ್ನಿ ಖಾಲಿಯಾದ ಡಬ್ಬಿಯೊಳಗಿಟ್ಟು ಮುಚ್ಚಳ ಒತ್ತುತ್ತಾರೆ. ಚಟ್ನಿಯನ್ನು ಎಲ್ಲರಿಗೂ ಬಲವಂತವಾಗಿ ಬಡಿಸಿ ಡಬ್ಬಿ ಬರಿದು ಮಾಡಿದ್ದು ಏಕೆಂದು ನನಗೆ ಆಗ ಹೊಳೆಯಿತು.

ಕೇಳಿ ತಂದ ಗಿಡಕ್ಕಿಂತ ಕದ್ದು ತಂದದ್ದು ಚೆನ್ನಾಗಿ ಹತ್ತುತ್ತದೆ ಎನ್ನುವುದು ಹಿರಿಯರ ನಂಬಿಕೆ. ನನಗೆ ಇದರಲ್ಲಿ ಪವಾಡ ಕಾಣುವುದಿಲ್ಲ. ಕೇಳಿ ತಂದದ್ದು ಬಚ್ಚಲಿನ ಚೊಂಬಿನಲ್ಲಿ ಎರಡು ದಿನ ಕೊಳೆಯುತ್ತದೆ. ಕದ್ದದ್ದು ಮನೆ ಸೇರಿದ ಕೂಡಲೇ ಮಣ್ಣು ಸೇರುತ್ತದೆ, ಅದಕ್ಕೆ ದಿನಾ ಎರಡು ಹೊತ್ತು ಯೋಗಕ್ಷೇಮದ ವಿಚಾರಣೆ.

ಮೇಷ್ಟ್ರಿಗೆ ಇದೆಲ್ಲ ಗೊತ್ತು. ಗದರುತ್ತಾರೇನೋ ಅಂದುಕೊಂಡರೆ, ಅವರು ಇತಿಹಾಸವನ್ನೇ ತಂದು ಆಂಟಿಯ ಪಕ್ಕ ನಿಲ್ಲಿಸಿದರು. “ಲಾಲ್‌ಬಾಗಾದರೂ ಹೇಗಾಯ್ತು? 1760ರಲ್ಲಿ ಹೈದರಾಲಿ ಶುರು ಮಾಡಿದಾಗ ದಿಲ್ಲಿ, ಲಾಹೋರ್ ಕಡೆಯಿಂದೆಲ್ಲ ಗಿಡ ತರಿಸಿದ. ಟಿಪ್ಪು ಪರದೇಶಕ್ಕೆ ಹೋದವರ ಕೈಲೆಲ್ಲ ಬೀಜ, ಸಸಿ ತರಿಸಿಕೊಂಡ. ನಿಮ್ಮ ಮನೆ ಸೀಮೆಬದನೆಕಾಯಿ ಸಾಂಬಾರು ಇದೆಯಲ್ಲ, ಅದು ಈ ಊರಿಗೆ ಬಂದದ್ದು ಲಾಲ್‌ಬಾಗ್ ನೋಡಿಕೊಳ್ಳುತ್ತಿದ್ದ ಕ್ಯಾಮರನ್ ಸಾಹೇಬರ ಕೈಯಿಂದ. ಅವರೆಲ್ಲ ಹಡಗಿನಲ್ಲಿ ತರಿಸಿದರು, ಇವರು ಡಬ್ಬಿಯಲ್ಲಿ ತರುತ್ತಾರೆ.” ಆಂಟಿ ಡಬ್ಬಿಯನ್ನು ಎದೆಗವಚಿಕೊಂಡು, ಟಿಪ್ಪುವಿನ ವಾರಸುದಾರರಂತೆ ಗಂಭೀರವಾಗಿ ನಿಂತರು. ಮೇಷ್ಟ್ರ ವಾದದಲ್ಲಿ ತೂತಿಲ್ಲವೆಂದಲ್ಲ. ಟಿಪ್ಪು ತರಿಸಿಕೊಂಡದ್ದು ಹೇಳಿ ಕೇಳಿ, ಯಾರದೋ ಅಡುಗೆಮನೆ ಕಿಟಕಿಯ ಕೆಳಗಿನಿಂದ ಚಿವುಟಿ ಅಲ್ಲ. ಆದರೆ ಟಬೆಬುಯಾ ಅಮೆರಿಕದ ಕಡೆಯದು, ಗುಲ್‌ಮೊಹರ್ ಮಡಗಾಸ್ಕರಿನದು. ಹೊರಗಿಂದ ಬಂದದ್ದನ್ನೆಲ್ಲ ಕಿತ್ತುಹಾಕಿದರೆ ನಮ್ಮ ವಸಂತದಲ್ಲಿ ಫೋಟೋಗೆ ಉಳಿಯುವುದು ಹೊಂಗೆ, ಬೂರುಗ, ಮುತ್ತುಗ. ಅವೇನೂ ಕಡಿಮೆಯವಲ್ಲ ಬಿಡಿ. ಹೊಂಗೆಯ ಹೊಸ ಚಿಗುರಿನ ಹಸಿರಿಗೆ ನಾನು ಯಾವ ಟಬೆಬುಯಾವನ್ನಾದರೂ ಬಿಟ್ಟುಕೊಟ್ಟೇನು.

ಮಜ್ಜಿಗೆ, ಕೋಸಂಬರಿ ಮುಗಿಸಿ ಹೊರಟಾಗ ಯಜಮಾನರು ಪೇಪರ್ ಮಡಿಸಿ ಕುಂಡಗಳ ಕಡೆ ನಡೆದರು, ತಪಾಸಣೆಗೆ. ಮನೆಯಮ್ಮ ಮಾತ್ರ ಗೇಟಿನವರೆಗೂ ಬಂದು, ಸುಮ್ಮನೆ ಆಂಟಿಯ ಬ್ಯಾಗಿನ ಕಡೆ ನೋಡಿದರು.

“ಬ್ರಹ್ಮಕಮಲದ ಎಲೆ ಅಡ್ಡಡ್ಡ ಹೂತ್ರೂ ಬರುತ್ತೆ, ನೀರು ಜಾಸ್ತಿ ಹಾಕ್ಬೇಡಿ.”

ಆಂಟಿಯ ಮುಖ ದಾಸವಾಳದ ಬಣ್ಣಕ್ಕೆ ತಿರುಗಿತು.

“ಅದಿರಲಿ,” ಎಂದು ಮನೆಯಮ್ಮ ದನಿ ತಗ್ಗಿಸಿದರು. “ಇಲ್ಲಿಂದ ಮುಂದೆ ಆ ಮೂಲೆ ಮನೆ ತೋಟಕ್ಕೇ ಅಲ್ವಾ ಹೋಗೋದು? ಅಲ್ಲಿ ಬಾವಿಕಟ್ಟೆ ಹತ್ತಿರ ಎಸಳೆಸಳಾಗಿರೋ ಬಿಳಿ ಕಣಗಿಲೆ ಇದೆ. ನಂಗೂ ಅವರಿಗೂ ಮಾತಿಲ್ಲ. ಹೆಂಗೂ ನಿಮ್ಮ ಹತ್ರ ಡಬ್ಬಿ ಇದೆ, ಒಂದು ಕಡ್ಡಿ ತಂದುಕೊಡ್ತೀರಾ?”